ಹಸಿ ಅಕ್ಕಿ

ಮೊದಲು ಬಂದದ್ದು ಹಸಿ ಅಕ್ಕಿಯ ಆಸೆ. ಮೂರನೆಯ ಬಾಣಂತನ ಮುಗಿದ ಮಳೆಗಾಲ. ಗೆರಸಿ ಹಿಡಿದು ಅಕ್ಕಿ ಕೇರುವಾಗ ಕೈ ತಾನಾಗಿ ಬಾಯಿಗೆ ಹೋಗುತ್ತಿತ್ತು. ಉಗುರು ಬಿಳಿಚಿತ್ತು. ಕೊಡ ಎತ್ತಿದರೆ ಎದೆ ಡವಗುಟ್ಟುತ್ತಿತ್ತು. ಯಾರಿಗೂ ಹೇಳಲಿಲ್ಲ. ಮುಟ್ಟಳ್ಳಿಯ ನಮ್ಮ ಮನೆಯಲ್ಲಿ ಸೊಸೆಗೆ ಕಾಯಿಲೆ ಬರುವ ಪದ್ಧತಿಯೇ ಇರಲಿಲ್ಲ.

ನಮ್ಮ ಜಿಲ್ಲೆ ಮುಂಬಯಿ ರಾಜ್ಯ ಬಿಟ್ಟು ಮೈಸೂರಿಗೆ ಸೇರಿಯಾಗಿತ್ತು. ಅತ್ತೆಯ ಅಡುಗೆಮನೆಯಲ್ಲಿ ಮಾತ್ರ ಸರಕಾರ ಬದಲಾಗಿರಲಿಲ್ಲ. ಗಂಡಸರು, ಮಕ್ಕಳು, ಅತ್ತೆ, ಎಲ್ಲರೂ ಉಂಡ ಮೇಲೆ ನಾನು. ಅಷ್ಟರಲ್ಲಿ ಮೀನು ಮುಗಿದು ಸಾರು ಉಳಿದಿರುತ್ತಿತ್ತು, ಕೆಲವು ದಿನ ಅನ್ನವೂ ಮುಗಿದು ತಿಳಿಗಂಜಿ. ಅದನ್ನು ಕುಡಿದು, 'ಸೊಸೆ ಅಂದರೆ ಹೀಗಿರಬೇಕು' ಎಂಬ ಊರವರ ಹೊಗಳಿಕೆಯನ್ನೂ ನುಂಗಿ, ಪಾತ್ರೆ ತಿಕ್ಕಲು ಹೋಗುತ್ತಿದ್ದೆ.

ಒಂದು ದಿನ ನೆರೆಯ ಹೆಂಗಸರ ಎದುರು ಅತ್ತೆ ನನ್ನ ಗಲ್ಲ ಹಿಡಿದರು.

"ಎಂತದೇ ಜಗಿಯೂದು? ಬಾಯಿ ತೆಗಿ! ನೋಡ್ರೇ, ಅಕ್ಕಿ ಕಳ್ಳಿ!"

ಬಾಯಿ ತೆರೆದೆ.

ಬೇಲಿ ಕಟ್ಟುತ್ತಿದ್ದ ಗಂಡ ತಲೆ ಎತ್ತಲಿಲ್ಲ. ಅಕ್ಕಿ ಪೆಟ್ಟಿಗೆಗೆ ಬೀಗ ಬಿತ್ತು. ಕೆಲವೇ ದಿನಗಳಲ್ಲಿ ನಾನು ಬಾವಿಕಟ್ಟೆಯ ಮೇಲೆ ಬಿದ್ದೆ.

ಬಸ್ಸಿನಲ್ಲಿ ಹೋಗಿ, ದೋಣಿಯಲ್ಲಿ ಶರಾವತಿ ದಾಟಿ, ಗಂಡ ನನ್ನನ್ನು ಹೊನ್ನಾವರದ ಆಸ್ಪತ್ರೆಗೆ ಸೇರಿಸಿದರು. ಡಾಕ್ಟರಮ್ಮ ಕಣ್ಣಿನ ರೆಪ್ಪೆ ಎಳೆದು ನೋಡಿದರು.

"ಎನಿಮಿಯಾ. ಮೈಯಲ್ಲಿ ರಕ್ತವೇ ಇಲ್ಲ. ಹಸಿ ಅಕ್ಕಿ, ಮಣ್ಣು ತಿನ್ನೋ ಆಸೆ ಆಗ್ತದಾ?"

"ಅಕ್ಕಿ."

"ಅದು ಈ ಕಾಯಿಲೆಯ ಲಕ್ಷಣ. ಊಟ ಯಾವಾಗ ಮಾಡ್ತೀರಿ?"

"ಎಲ್ಲರದ್ದೂ ಆದ ಮೇಲೆ."

ಅವರು ಗಂಡನ ಕಡೆ ತಿರುಗಿದರು. "ಇನ್ನು ಇವರಿಗೇ ಮೊದಲು ಬಡಿಸಿ. ಇಲ್ಲದಿದ್ದರೆ ಮತ್ತೆ ಕರಕೊಂಡು ಬರೋ ಕೆಲಸ ಇರೋದಿಲ್ಲ."

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರೆ. ನನ್ನ ಕಾಲ ಇಂಜೆಕ್ಷನ್ ಸೂಜಿಯ ಜೊತೆ ಬಂತು. ವಾರ್ಡಿನಲ್ಲಿ ಮಲಗಿದಷ್ಟು ದಿನವೂ ಮನೆಗೆ ಹೋದ ಮೇಲೆ ಏನು ಮಾಡಬೇಕೆಂದು ಯೋಚಿಸಿದೆ.

ಮನೆಗೆ ಬಂದ ದಿನ ನನ್ನನ್ನು ನೋಡಲು ಅದೇ ಹೆಂಗಸರು ಬಂದಿದ್ದರು. ಒಳ್ಳೆಯದೇ ಆಯಿತು. ಮಣೆ ಹಾಕಿಕೊಂಡು ಕೂತೆ.

"ಡಾಕ್ಟರಮ್ಮ ಹೇಳಿದ್ದು ಹೇಳಿ," ಎಂದೆ ಗಂಡನಿಗೆ.

ಅವರು ನೆಲ ನೋಡುತ್ತಲೇ ತಾಯಿಗೆ ಹೇಳಿದರು. "ಅದು ಕಾಯಿಲೆ ಅಂತೆ, ಆಯಿ. ಕಳ್ಳತನ ಅಲ್ಲ. ಇನ್ನು ಅವಳಿಗೇ ಮೊದ್ಲು ಬಡಿಸ್ಬೇಕಂತೆ."

"ಬಡಿಸಿ, ಅತ್ತೆ."

ಅತ್ತೆ ಅನ್ನ ಹಾಕಿದರು, ಮೀನಿನ ನಡುತುಂಡು ಹಾಕಿದರು. ಎಲ್ಲ ಉಂಡೆ. "ಸಾಕಾ?"

ಹೊಟ್ಟೆ ತುಂಬಿತ್ತು. "ಇನ್ನೂ ಹಾಕಿ," ಎಂದೆ.

ಈಗ ಉಗುರಿಗೆ ಬಣ್ಣ ಬಂದಿದೆ. ಮಗುವಿಗೆ ಹಾಲು ಸಾಲುತ್ತದೆ. ಆ ಡಾಕ್ಟರಮ್ಮನ ಹೊಟ್ಟೆ ತಣ್ಣಗಿರಲಿ. ಅತ್ತೆಯನ್ನು ನಾನು ಕ್ಷಮಿಸಿಲ್ಲ. ದಿನಾ ಮಧ್ಯಾಹ್ನ ಅವರ ಎದುರಿಗೇ ಕೂತು, ನಿಧಾನವಾಗಿ ಜಗಿದು ಉಣ್ಣುತ್ತೇನೆ.