ಎರಡು ಸಲ ಹೊಡೆಯುವ ಗಂಟೆ

ಅಬುಧಾಬಿಯ ನಮ್ಮ ಹೋಟೆಲಿನ ಬೇಕರಿಯ ಮುಖ್ಯಸ್ಥರು ಫ್ರಾನ್ಸಿನವರು. ಪ್ರತಿ ಮಾತನ್ನೂ ಎರಡು ಸಲ ಹೇಳುವರು. "ಯಲ್ಲಾ, ಬೇಗ ಬೇಗ, ಬ್ರೆಡ್ ತೆಗೀರಿ!" ಎಂದು ಕೂಗಿ, ಕೈಗಂಟಿದ ಹಿಟ್ಟು ಒರೆಸಿಕೊಂಡು, ಮತ್ತೆ ಅದನ್ನೇ ಕೂಗುವರು. ಎರಡನೆಯ ಕೂಗಿಗೇ ನಾವು ಏಳುತ್ತಿದ್ದುದು.

"ನಾವೆಂತ ಕಿವುಡರಾ ಮಾರಾಯ?" ಎಂದು ಮಂಗಳೂರಿನ ಗೆಳೆಯ ಗೊಣಗುತ್ತಿದ್ದ. ಒಮ್ಮೆ ನಾನು ಅವರನ್ನೇ ಕೇಳಿಬಿಟ್ಟೆ.

"ಬೆಟ್ಟದ ಬುಡದ ನಮ್ಮೂರಲ್ಲಿ ಚರ್ಚಿನ ಗಂಟೆ ಪ್ರತಿ ತಾಸೂ ಎರಡು ಸಲ ಹೊಡೆಯುತ್ತೆ. ಹೊಲದಲ್ಲಿರೋರಿಗೆ ಮೊದಲ ಸಲ ಎಣಿಕೆ ತಪ್ಪಿದ್ರೆ ಇನ್ನೊಂದು ಸಲ ಸಿಗಲಿ ಅಂತ," ಎಂದರು.

ಒಂದು ಮುಂಜಾನೆ ಊರಿನಿಂದ ಅವರ ತಂಗಿಯ ಫೋನ್ ಬಂತು. ರಜೆಗೆಂದು ಅಲ್ಲಿ ಮನೆ ಕೊಂಡ ಪಟ್ಟಣದವರ ನಿದ್ದೆ ಕೆಡುತ್ತದೆಂದು ಗಂಟೆ ನಿಲ್ಲಿಸಿದರಂತೆ. ನಿಲ್ಲಿಸಬೇಡಿ ಎನ್ನಲು ಹೊಲಗಳಲ್ಲಿ ಯಾರೂ ಉಳಿದಿರಲಿಲ್ಲವಂತೆ.

ಇಷ್ಟು ನಮಗೆ ಹೇಳಿ, "ಬ್ರೆಡ್ ತೆಗೀರಿ" ಎಂದರು. ನಾವು ಎರಡನೆಯ ಕೂಗಿಗೆ ಕಾದೆವು. ಕರಕಲು ವಾಸನೆ ಬಂದರೂ ಅವರು ಓವನ್ನಿನ ಮುಂದೆ ಸುಮ್ಮನೆ ನಿಂತಿದ್ದರು.