ಚಿಕ್ಕಮ್ಮನ ಹಳದಿ ಪುಟ

ಪಕ್ಕದ ಲೇತ್ ಅಂಗಡಿಯ ಗುಂಯ್ ಸದ್ದು ಹಗಲೆಲ್ಲ ನಮ್ಮ ಗೋಡೆಯೊಳಗೇ ಇರುತ್ತದೆ. ಇರುವಾಗ ಅದು ಯಾರಿಗೂ ಕೇಳಿಸುವುದಿಲ್ಲ. ನಿಂತಾಗ ಮಾತ್ರ ಚಿಕ್ಕಮ್ಮ ಸ್ಕ್ರೂಡ್ರೈವರ್ ಕೆಳಗಿಟ್ಟು, "ಹೋಯ್ತಲ್ಲ ಕರೆಂಟು" ಎಂದು ಕಂಪ್ಯೂಟರಿನ ಕಡೆ ನೋಡುತ್ತಿದ್ದಳು.

ಅಮ್ಮನ ತಂಗಿ ಅವಳು. ಹೊಲಿಗೆ ಯಂತ್ರ ರಿಪೇರಿ ಮಾಡುತ್ತಾಳೆ. ಬೀದಿಗೆಲ್ಲ ಮಿಷನ್ ಚಿಕ್ಕಮ್ಮ. ಮದುವೆಯ ಮಾತೆತ್ತಿದವರಿಗೆ, "ಈ ಮಿಷನ್ ರೆಡಿಯಾಗ್ಲಿ, ನೋಡೋಣ" ಅನ್ನುತ್ತಾಳೆ. ಒಂದು ರೆಡಿಯಾಗುವಷ್ಟರಲ್ಲಿ ಇನ್ನೊಂದು ಬಂದಿರುತ್ತದೆ.

ಮುಂದಿನ ಕೋಣೆಯ ಒಂದು ಬದಿಗೆ ಅವಳ ಮೇಜು, ಎದುರಿಗೆ ಅಪ್ಪನ ಬೀಗ ರಿಪೇರಿಯ ಮೇಜು, ನಡುವೆ ಇಬ್ಬರಿಗೂ ಸೇರಿದ ಕಂಪ್ಯೂಟರ್. ಹೊಸ ಮಾದರಿಯ ಯಂತ್ರ ಬಂದರೆ ಅದರ ಒಳಭಾಗದ ಚಿತ್ರವನ್ನು ಅವಳು ಹುಡುಕಿ ನೋಡಬೇಕು. ಬಿಳಿ ಪರದೆ ಅವಳ ಕಣ್ಣಿಗೆ ಆಗಿಬರುವುದಿಲ್ಲ, ನೀರಿಳಿಯುತ್ತದೆ. ಹಾಗಾಗಿ ಹುಡುಕುವ ಪುಟದ ಸೆಟ್ಟಿಂಗ್ಸ್‌ನಲ್ಲಿ ಮಾಗಿದ ನಿಂಬೆಯ ಬಣ್ಣ, ದಪ್ಪ ಅಕ್ಷರ, ಕನ್ನಡ, ಎಲ್ಲ ತಾನೇ ಆರಿಸಿಕೊಂಡಿದ್ದಳು.

ಆದರೆ ಅಪ್ಪ ಬೀಗದ ಮನುಷ್ಯ. ಬ್ರೌಸರ್ ಮುಚ್ಚಿದೊಡನೆ ಒಳಗಿನದ್ದೆಲ್ಲ ಅಳಿಸಿಹೋಗುವಂತೆ ಮಾಡಿಟ್ಟಿದ್ದ. ಚಿಕ್ಕಮ್ಮನ ಉಪಾಯ ಸರಳ: ಮುಚ್ಚುವುದೇ ಇಲ್ಲ. ಯಾರಾದರೂ ಕೈತಪ್ಪಿ ಮುಚ್ಚಿಯಾರೆಂದು ಪರದೆಯ ಮೂಲೆಯ ಮುಚ್ಚುವ ಗುರುತಿನ ಮೇಲೆ ಒಂದು ಚೂರು ಟೇಪು ಕೂಡ ಅಂಟಿಸಿದ್ದಳು. ಕರೆಂಟಿಗೆ ಮಾತ್ರ ಟೇಪು ಅಂಟಿಸಲಾಗಲಿಲ್ಲ.

ಒಂದು ಮಧ್ಯಾಹ್ನ ಕರೆಂಟು ಹೋಗಿ ಬಂದಾಗ ಪುಟ ಬೆಳ್ಳಗಾಗಿತ್ತು. ಟೈಲರಮ್ಮನ ಯಂತ್ರ ಮೇಜಿನ ಮೇಲೆ ಹೊಟ್ಟೆ ಬಿಚ್ಚಿಕೊಂಡು ಕೂತಿತ್ತು, ಸಂಜೆಗೆ ಕೊಡಬೇಕು. ಮತ್ತೆ ಎಲ್ಲ ಆರಿಸಲು ಅಷ್ಟುದ್ದದ ಬಿಳಿ ಪುಟವನ್ನು ಸಣ್ಣ ಅಕ್ಷರಗಳಲ್ಲಿ ಓದಬೇಕು. ಆಮೇಲೆ ಸೂಜಿಯ ಕೆಲಸಕ್ಕೆ ಕಣ್ಣೇ ಉಳಿಯುವುದಿಲ್ಲ. ಕೆನ್ನೆಯ ಮೇಲೆ ನೀರು ಹರಿಯುತ್ತಿದ್ದರೂ ಅವಳು ಓದುತ್ತಿದ್ದಳು.

"ಅಳ್ತಿದ್ದೀಯೇನೇ?" ಅಪ್ಪ ಗಾಬರಿಯಾದ.

"ನಿಮ್ಮ ಬಿಳಿ ಪುಟದ ಕೃಪೆ, ಭಾವ."

"ಇನ್ನೊಂದ್ಸಲ ಆರಿಸ್ಕೊಂಡ್ರಾಯ್ತು. ಏನ್ ಮಹಾ."

"ಹಂಗಾದ್ರೆ ನಿಮ್ಮ ಕೀಲಿಗೊಂಚಲುಗಳನ್ನ ದಿನಾ ಸಂಜೆ ಬಿಚ್ಚಿ ನೆಲಕ್ಕೆ ಸುರೀತೀನಿ. ಬೆಳಿಗ್ಗೆ ಜೋಡಿಸ್ಕೊಳ್ಳಿ. ಏನ್ ಮಹಾ."

ನಾನು ನಗು ತಡೆದುಕೊಂಡೆ. ಅಪ್ಪ ತನ್ನ ಗೊಂಚಲುಗಳನ್ನೊಮ್ಮೆ ನೋಡಿದ. ಕನ್ನಡಕ ಒರೆಸಿಕೊಂಡು ಬಂದು, "ಜರುಗು" ಎಂದು ಅವಳ ಜಾಗದಲ್ಲಿ ಕೂತ. ಬ್ರೌಸರಿನ ಒಳಗೊಳಗೆ ಹೋಗಿ, ಯಾವ ಜಾಲತಾಣದ ನೆನಪನ್ನು ಅಳಿಸಬಾರದೋ ಅದನ್ನು ಬರೆಯುವ ಜಾಗ ಹುಡುಕಿದ. ಅಲ್ಲಿ ಅವಳ ಹುಡುಕುವ ಪುಟದ ವಿಳಾಸವೊಂದನ್ನೇ ಬರೆದ. ಬಣ್ಣ, ಅಕ್ಷರ, ಭಾಷೆ ತಾನೇ ಆರಿಸಿಕೊಟ್ಟ.

"ಇದೊಂದಕ್ಕೆ ಬಿಟ್ಟಿದ್ದೀನಿ. ಮಿಕ್ಕಿದ್ದೆಲ್ಲ ಅಳಿಸುತ್ತೆ. ಈಗ ಮುಚ್ಚಿ ನೋಡು."

ಚಿಕ್ಕಮ್ಮ ಉಗುರಿನಿಂದ ಟೇಪು ಕಿತ್ತಳು. ತಿಂಗಳುಗಳಿಂದ ಮುಟ್ಟದ ಗುರುತು. ಒತ್ತಿದಳು. ಮತ್ತೆ ತೆರೆದಾಗ ನಿಂಬೆ ಬಣ್ಣ ಅವಳ ಮುಖದ ಮೇಲೆ ಮೆಲ್ಲಗೆ ಬಿತ್ತು.

"ಭಾವನ ಕೈ ಪರವಾಗಿಲ್ಲ," ಎಂದು ಅವಳು ಯಂತ್ರದ ಚಿತ್ರ ಹುಡುಕತೊಡಗಿದಳು.

ಸಂಜೆಯ ಹೊತ್ತಿಗೆ ಪಕ್ಕದ ಸದ್ದು ಮತ್ತೆ ನಿಂತಿತು. ಪರದೆ ಕಪ್ಪಾಯಿತು. ಚಿಕ್ಕಮ್ಮ ಅದರತ್ತ ತಿರುಗಲೂ ಇಲ್ಲ. ಯಂತ್ರದ ಮುಚ್ಚಳ ಹಾಕಿ, ಕೈಯ ಎಣ್ಣೆ ಒರೆಸಿಕೊಂಡು ಎದ್ದಳು.

"ಹೋದ್ರೆ ಹೋಗ್ಲಿ, ಬರುತ್ತೆ. ಒಂಚೂರು ಗಾಳಿಗೆ ಹೋಗ್ಬರ್ತೀನಿ. ಟೈಲರಮ್ಮ ಬಂದ್ರೆ ಕೊಡು, ಹೊಸ ಬೆಲ್ಟು, ಮೊದಲೆರಡು ದಿನ ನಿಧಾನಕ್ಕೆ ತುಳೀಬೇಕು ಅಂತ ಹೇಳು, ಆಮೇಲೆ ದಾರ ಹಾಕೋವಾಗ…" ಅನ್ನುತ್ತ ಅನ್ನುತ್ತಲೇ ಮೆಟ್ಟಿಲಿಳಿದು ಬೀದಿಗೆ ನಡೆದಳು.