ಬೇಲಿಯೊಳಗಿನ ಹುಲ್ಲು

ತಾನೇ ಮರಕ್ಕೆ ಹೊಡೆದಿದ್ದ ನಂಬರಿನ ಬಿಲ್ಲೆ ಮೇಕೆಯ ಕೊರಳಲ್ಲಿ ತೂಗುತ್ತಿರುವುದನ್ನು ಕಂಡು ಸುಲೋಚನಾಳ ಮೈಯೆಲ್ಲ ಉರಿದುಹೋಯಿತು.

ಹಾವೇರಿ ಕಡೆಯ ಈಕೆ, ಗಂಡ ಅಶ್ವತ್ಥನ ನೌಕಾಪಡೆಯ ನೌಕರಿಯಿಂದಾಗಿ ವಿಶಾಖಪಟ್ಟಣಕ್ಕೆ ಬಂದವಳು. ಊರಂಚಿನ ಅಭಯಾರಣ್ಯದಲ್ಲಿ ಗುರುತು ಹಾಕಿದ ಮರಗಳ ಸುತ್ತಳತೆ, ಬುಡದ ಹುಲ್ಲಿನ ಎತ್ತರ ಅಳೆಯುವ ಕೆಲಸ ಹಿಡಿದು ಹತ್ತು ವರ್ಷ ದಾಟಿತ್ತು. ಬಿಲ್ಲೆ ಹೋದರೆ ಯಾವ ಮರ ಯಾವುದೆಂದು ತಿಳಿಯದು. ಅಷ್ಟೂ ದುಡಿಮೆ ನೀರಲ್ಲಿ ಮಾಡಿದ ಹೋಮ.

ಮೇಕೆಗಳ ಒಡತಿ ಗಂಗಾಭವಾನಿ ಅಳುಕಲಿಲ್ಲ. ಅಜ್ಜಿಯ ಕಾಲದಿಂದ ಮೇಯಿಸಿದ ಜಾಗಕ್ಕೆ ಹೋದ ವರ್ಷ ಬೇಲಿ ಬಿದ್ದದ್ದು ಈ ಅಳತೆಯವರಿಂದ ಎಂಬ ಸಿಟ್ಟು ಅವಳಿಗೆ. ಬೇಲಿ ಕಿತ್ತು ಮೇಕೆ ನುಗ್ಗಿಸುತ್ತಿದ್ದಳು.

"ಮರ ಸತ್ತರೆ ಬರೆದುಕೊಳ್ತೀರಲ್ಲಮ್ಮಾ. ನೀರಿನ ಕುಂಟೆಯ ದಾರಿ ಮುಚ್ಚಿ ನನ್ನ ಮರಿಗಳು ನೀರಿಲ್ಲದೆ ಸತ್ತವು. ಅದನ್ನೆಲ್ಲಿ ಬರೆದಿರಿ?"

ಸುಲೋಚನಾ ವಿಜಯವಾಡದ ಬೆಂಜ್ ಸರ್ಕಲ್ ಬಳಿಯ ಕಚೇರಿಯಲ್ಲಿದ್ದ ಯೋಜನೆಯ ಮುಖ್ಯಸ್ಥ ಸೂರ್ಯಪ್ರಕಾಶನಿಗೆ ಫೋನ್ ಮಾಡಿ ಅವಳ ಹೆಸರು ಹೇಳಿಬಿಟ್ಟಳು. ಮೇಕೆಗಳು ಜಪ್ತಿಯಾದವು. ಗಂಗಾಭವಾನಿ ಪರವಾಡದ ಔಷಧಿ ಕಾರ್ಖಾನೆಯೊಂದಕ್ಕೆ ಕಸ ಗುಡಿಸಲು ಹೋಗತೊಡಗಿದಳು. ಕಂಪನಿ ಬಸ್ಸಿಗೆ ಕಾಯುವಾಗ ಸುಲೋಚನಾ ಎದುರಾದರೆ ಪಕ್ಕಕ್ಕೆ ಉಗಿಯುತ್ತಿದ್ದಳು. ಗಂಗಾಭವಾನಿಯ ಕೇರಿಯ ಅಂಗಡಿಯಲ್ಲಿ ಸುಲೋಚನಾಳಿಗೆ ಹಾಲೂ ಸಿಗದಾಯಿತು.

"ಹೆಸರ ಹೇಳಬಾರದಿತ್ತು ನೀ," ಎಂದ ಅಶ್ವತ್ಥ.

"ಮಾಡಿದಾಕಿ ಆಕಿ. ನಾ ಯಾಕ ಮುಚ್ಚಿಡ್ಲಿ?"

ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಬೇಲಿಯೊಳಗೆ ಹುಲ್ಲು ಎದೆಯುದ್ದ ಬೆಳೆಯಿತು. ಬೇಸಿಗೆಯಲ್ಲಿ ಬೆಂಕಿ ಬಿದ್ದು ಗುರುತಿನ ಮರಗಳಲ್ಲಿ ಅರ್ಧ ಸುಟ್ಟುಹೋದವು. ಸೂರ್ಯಪ್ರಕಾಶ ಸುಲೋಚನಾಳನ್ನು ವಿಜಯವಾಡಕ್ಕೆ ಕರೆಸಿಕೊಂಡ. ಬೆಂಕಿಯಿಟ್ಟವಳು ಗಂಗಾಭವಾನಿಯೇ, ಕಣ್ಣಾರೆ ಕಂಡೆ ಎಂದು ಪೊಲೀಸರ ಮುಂದೆ ಹೇಳು ಎಂದ. ಹೇಳಿಬಿಡೋಣ ಎಂದು ಅವಳಿಗೂ ಒಂದು ಕ್ಷಣ ಅನ್ನಿಸಿತು.

"ಆಕೆಯನ್ನು ಕಂಡರೆ ನನಗೆ ಇವತ್ತಿಗೂ ಆಗೋದಿಲ್ಲ ಸಾರ್. ಆದರೆ ಅವಳನ್ನು ಅಲ್ಲಿ ನಾನು ನೋಡಿಲ್ಲ. ಮೇಕೆ ಮೇಯುತ್ತಿದ್ದಾಗ ಹುಲ್ಲು ಮೊಣಕಾಲು ದಾಟುತ್ತಿರಲಿಲ್ಲ. ವರದಿಯಲ್ಲಿ ಅದನ್ನೂ ಬರೆಯಿರಿ."

ಬೇಲಿ ಹಾಕಿಸಿದವನು ಸೂರ್ಯಪ್ರಕಾಶನೇ. ಮುಂದಿನ ತಿಂಗಳಿಂದ ಕೆಲಸಕ್ಕೆ ಬರಬೇಡ ಎಂದು ಕಡ್ಡಿ ಮುರಿದಂತೆ ಹೇಳಿದ.

ಸುದ್ದಿ ಹೇಗೋ ಕೇರಿ ಮುಟ್ಟಿತು. ಭಾನುವಾರ ಗಂಗಾಭವಾನಿ ಬಂದು ಸುಲೋಚನಾಳ ಮನೆಯ ಹೊಸ್ತಿಲಾಚೆ ನಿಂತಳು.

"ನನ್ನ ಉಳಿಸೋಕೆ ಹಾಗೆ ಹೇಳಿದೆಯಾ?"

"ಇಲ್ಲ."

"ಒಳ್ಳೇದಾಯ್ತು. ನಿನ್ನ ಋಣ ನನಗೆ ಬೇಡ."

ಅವಳು ಹೊರಟುಹೋದಳು. ತಿಂಗಳು ಮುಗಿಯುವತನಕ ಸುಲೋಚನಾ ಕಾಡಿಗೆ ಹೋಗಿ, ಸುಟ್ಟ ಬುಡಗಳಲ್ಲಿ ಚಿಗುರಿದ್ದು ಯಾವುದು, ಸತ್ತದ್ದು ಯಾವುದು ಎಂದು ಒಂದೊಂದಾಗಿ ನೋಡಿದಳು.